ವರ್ಜೀನಿಯಾ ವಸಾಹತಿನ ಪಾಠ: ಧಾರವಾಡದ ಒಂದು ತರಗತಿಯಲ್ಲಿ ಕಲಿತದ್ದು

ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠವಿದೆ. ಈ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳು ಬಹುಪಾಲು ಒಂದೇ ಬಗೆಯವು. ಇಂಗ್ಲಿಷರು ಉತ್ತರ ಅಮೆರಿಕದ ಪೂರ್ವ ಕರಾವಳಿಯಲ್ಲಿ ಹದಿಮೂರು ವಸಾಹತುಗಳನ್ನು ಸ್ಥಾಪಿಸಿದರು ಎಂದು ಪೀಠಿಕೆಯಲ್ಲಿ ಎರಡು ನಿಮಿಷ ಹೇಳಿ, ಅಲ್ಲಿಂದ ನೇರವಾಗಿ ತೆರಿಗೆ, ಚಹಾ ಪೆಟ್ಟಿಗೆ, ಬೋಸ್ಟನ್ ಬಂದರಿಗೆ ಹೋಗುತ್ತಾರೆ. ನಾನು ಪ್ರೌಢಶಾಲೆಯಲ್ಲಿದ್ದಾಗ ಹಾಗೆಯೇ ಕಲಿಸಿದ್ದೇನೆ. ಆ ಎರಡು ನಿಮಿಷದಲ್ಲಿ ಎಷ್ಟು ತಪ್ಪು ಹೇಳಬಹುದು, ಅದರ ಪೆಟ್ಟು ಯಾರಿಗೆ ತಗಲಬಹುದು ಎಂಬುದು ನನಗೆ ಗೊತ್ತಾದದ್ದು ಇತ್ತೀಚೆಗೆ, ಧಾರವಾಡದ ಒಂದು ಶಾಲೆಯಲ್ಲಿ ಬೋಧನಾಭ್ಯಾಸದ ಪಾಠವೊಂದನ್ನು ವೀಕ್ಷಿಸಿದ ನಂತರ. ಆ ಪಾಠ, ಅದರಲ್ಲಿ ನನ್ನಿಂದಾದ ತಪ್ಪು, ಆಮೇಲೆ ನಾವು ಅದನ್ನು ತಿದ್ದಿ ಬರೆದ ರೀತಿ, ಇವು ಮೂರನ್ನೂ ಇಲ್ಲಿ ಹೇಳುತ್ತೇನೆ.

ಆ ದಿನ ನಡೆದದ್ದು

ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಚೆನ್ನಾಗಿ ತಯಾರಿ ಮಾಡಿಕೊಂಡು ಬಂದಿದ್ದರು. ನಕಾಶೆ ತಂದಿದ್ದರು, ಹಡಗಿನ ಚಿತ್ರ ಬರೆಸಿದ್ದರು. ಹದಿಮೂರರಲ್ಲಿ ಮೊದಲನೆಯದಾದ ವರ್ಜೀನಿಯಾವನ್ನು ಉದಾಹರಣೆಯಾಗಿ ಆಯ್ದುಕೊಂಡಿದ್ದರು. "ವಸಾಹತು ಅಂದರೆ ಕಾಲೊನಿ" ಎಂದು ಹಲಗೆಯ ಮೇಲೆ ಬರೆದ ಕೂಡಲೇ ಒಬ್ಬ ಹುಡುಗ ಎದ್ದು ನಿಂತ. ಅವನ ಸೋದರಮಾವ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ.

"ಟೀಚರ್, ನಮ್ಮ ರೈಲ್ವೆ ಕಾಲೊನಿ ಇದ್ದಂಗ ಏನ್ರಿ?"

"ಹೌದು, ಹಾಗೇ. ಮನೆ ಕಟ್ಟಿಕೊಂಡು ಇರೋದು" ಎಂದು ಹೇಳಿ ಅವರು ಮುಂದುವರಿದರು. ಇಂಗ್ಲಿಷರು ಖಾಲಿ ಬಿದ್ದಿದ್ದ ಕಾಡಿಗೆ ಬಂದು, ಕಷ್ಟಪಟ್ಟು, ಕಾಡು ಕಡಿದು ಊರು ಕಟ್ಟಿದರು ಎಂದರು. ಅದೇ ಹುಡುಗ ಮತ್ತೆ ಎದ್ದ.

"ಅಲ್ಲಿ ಮೊದ್ಲ ಯಾರೂ ಇದ್ದಿದ್ದಿಲ್ಲೇನ್ರಿ?"

"ಇದ್ದರು, ಸ್ವಲ್ಪ ಕಾಡುಜನ. ಈಗ ಕೂತ್ಕೋ, ಪ್ರಶ್ನೆ ಕೊನೆಗೆ ಕೇಳುವಂತೆ."

ಪಾಠ 1619ಕ್ಕೆ ಬಂತು. ಆ ವರ್ಷ ಆಫ್ರಿಕದಿಂದ ಗುಲಾಮರು ವರ್ಜೀನಿಯಾಕ್ಕೆ ಬಂದರು ಎಂದು ಹೇಳಿ, ಸ್ಥಳೀಯ ಉದಾಹರಣೆ ಕೊಡಬೇಕೆಂಬ ಹುರುಪಿನಲ್ಲಿ, ಎರಡನೆಯ ಬೆಂಚಿನಲ್ಲಿದ್ದ ಒಬ್ಬ ಹುಡುಗಿಯತ್ತ ಕೈ ಮಾಡಿ "ನಮ್ಮ ಇವಳ ಪೂರ್ವಜರೂ ಹಾಗೇ ಬಂದವರು" ಎಂದರು. ಆಕೆ ಹಳಿಯಾಳ ಕಡೆಯ ಸಿದ್ದಿ ಸಮುದಾಯದವಳು, ಧಾರವಾಡದಲ್ಲಿ ವಸತಿನಿಲಯದಲ್ಲಿದ್ದು ಓದುತ್ತಾಳೆ. ತರಗತಿಯೆಲ್ಲ ತಿರುಗಿ ಅವಳನ್ನು ನೋಡಿತು. ಯಾರೋ ನಕ್ಕರು.

ನಾನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ಪುಸ್ತಕ ತುಂಬುತ್ತಿದ್ದೆ. ಅದರಲ್ಲಿ ಬರೆದೆ: "ಸ್ಥಳೀಯ ಪರಿಸರದೊಂದಿಗೆ ಜೋಡಣೆ ಉತ್ತಮವಾಗಿದೆ." ಅಂಕವನ್ನೂ ಕೊಟ್ಟೆ.

ಎರಡು ದಿನದ ನಂತರ ತರಗತಿ ಶಿಕ್ಷಕರು ನನ್ನನ್ನು ಕರೆದು ಹೇಳಿದರು: ಆ ಹುಡುಗಿ ಕೊನೆಯ ಬೆಂಚಿಗೆ ಹೋಗಿ ಕುಳಿತಿದ್ದಾಳೆ, ಆಟದ ಬಯಲಿನಲ್ಲಿ ಇಬ್ಬರು ಹುಡುಗರು ಅವಳನ್ನು "ಗುಲಾಮ" ಎಂದು ಕೂಗಿದ್ದಾರೆ. ನಾನು, ಪ್ರಶಿಕ್ಷಣಾರ್ಥಿ, ತರಗತಿ ಶಿಕ್ಷಕರು ಮೂವರೂ ಅವಳೊಡನೆ ಮಾತಾಡಿದೆವು. ಅವಳು ಹೆಚ್ಚು ಮಾತಾಡಲಿಲ್ಲ. "ನಮ್ಮಜ್ಜ ಹೊಲಾ ಮಾಡ್ತಾನ್ರಿ ಟೀಚರ್. ಅದನ್ಯಾಕ ಹೇಳಲಿಲ್ಲ?" ಎಂದಳು. ತರಗತಿಯ ಮುಂದೆ ಕ್ಷಮೆ ಕೇಳಲೇ ಎಂದು ಪ್ರಶಿಕ್ಷಣಾರ್ಥಿ ಕೇಳಿದಾಗ, ಬೇಡ, ಮತ್ತೆ ಎಲ್ಲಾರೂ ನನ್ನನ್ನ ನೋಡ್ತಾರ ಎಂದಳು. ಆ ಇಬ್ಬರು ಹುಡುಗರೊಡನೆ ತರಗತಿ ಶಿಕ್ಷಕರು ಬೇರೆಯಾಗಿ ಮಾತಾಡಿದರು. ಪಾಠವನ್ನು ಸರಿಪಡಿಸುವ ಕೆಲಸ ನಮಗೆ ಉಳಿಯಿತು.

ತಪ್ಪು ಎಲ್ಲಿತ್ತು?

ಕೈ ತೋರಿಸಿದ್ದು ತಪ್ಪು ಎಂದು ಇಬ್ಬರಿಗೂ ತಕ್ಷಣ ತಿಳಿಯಿತು. ಆದರೆ ಪಾಠಯೋಜನೆಯನ್ನು ಮೇಜಿನ ಮೇಲಿಟ್ಟು ಓದಿದಾಗ, ಆ ತಪ್ಪಿಗೆ ದಾರಿ ಮೊದಲಿನಿಂದಲೇ ಸಿದ್ಧವಾಗಿತ್ತು ಎನಿಸಿತು. ವಸಾಹತು ಎಂದರೆ ಮನೆಗಳ ಗುಂಪು, ನೆಲ ಖಾಲಿ ಇತ್ತು, ಬಂದವರು ಧೀರರು, ಮೊದಲಿದ್ದವರು ಕಾಡುಜನ, ದುಡಿಯಲು ಬಂದವರು ಗುಲಾಮರು. ಈ ಕಥೆಯಲ್ಲಿ ಹೆಸರು, ಊರು, ಉದ್ದೇಶ ಇರುವವರು ಹಡಗಿನಲ್ಲಿ ಬಂದ ಇಂಗ್ಲಿಷರು ಮಾತ್ರ. ಇಂಥ ಕಥೆಯೊಳಗೆ ಸ್ಥಳೀಯ ಉದಾಹರಣೆ ಸೇರಿಸಿದರೆ ನಮ್ಮ ಮಕ್ಕಳಲ್ಲಿ ಒಬ್ಬರು ಆ ಹೆಸರಿಲ್ಲದವರ ಜಾಗಕ್ಕೆ ಹೋಗಿ ನಿಲ್ಲಬೇಕಾಗುತ್ತದೆ.

ಆದ್ದರಿಂದ ಪಾಠವನ್ನು ನಾಲ್ಕು ಪ್ರಶ್ನೆಗಳ ಮೇಲೆ ಮತ್ತೆ ಕಟ್ಟಿದೆವು. ಬಂದವರನ್ನು ಕಳಿಸಿದವರು ಯಾರು, ಏಕೆ? ಅಲ್ಲಿ ಮೊದಲೇ ಇದ್ದವರು ಯಾರು? ನೆಲ ಯಾರ ಕೈಗೆ ಹೋಯಿತು, ಹೇಗೆ? ದುಡಿದವರು ಯಾರು? ಇವುಗಳಿಗೆ ಮೂರು ಅವಧಿ ಇಟ್ಟುಕೊಂಡು, ಮೊದಲು 'ಬ' ವಿಭಾಗದಲ್ಲಿ, ಆಮೇಲೆ ಅದೇ 'ಅ' ವಿಭಾಗದಲ್ಲಿ ಪಾಠ ಮಾಡಿದೆವು.

ಮೊದಲ ಹಂತ: ಶಬ್ದ

ರೈಲ್ವೆ ಕಾಲೊನಿಯ ಹುಡುಗನ ಪ್ರಶ್ನೆಯಿಂದಲೇ ಆರಂಭಿಸಿದೆವು. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗೆ 'ಕಾಲೊನಿ' ಎಂದರೆ ಬಡಾವಣೆ. ಇದು ಅವರ ಪೂರ್ವಜ್ಞಾನ, ಹಾಗೆಯೇ ತಪ್ಪು ಕಲ್ಪನೆಯ ಮೂಲವೂ ಹೌದು. ಇದರ ಜೊತೆಗೆ ಇನ್ನೊಂದು ಗೊಂದಲ ವಲಸೆಯದು. ನಮ್ಮ ಭಾಗದಿಂದ ದುಡಿಯಲು ಗೋವಾಕ್ಕೆ ಹೋದವರು ಪ್ರತಿ ಶಾಲೆಯಲ್ಲೂ ಯಾರದಾದರೂ ಮನೆಯಲ್ಲಿರುತ್ತಾರೆ. ಹಲಗೆಯ ಮೇಲೆ ಮೂರು ಸಾಲು ಬರೆದೆವು: ರೈಲ್ವೆ ಕಾಲೊನಿ, ಗೋವಾಕ್ಕೆ ಹೋದ ಕುಟುಂಬ, ವರ್ಜೀನಿಯಾ ವಸಾಹತು. ಪ್ರತಿಯೊಂದಕ್ಕೂ ಮೂರೇ ಪ್ರಶ್ನೆ: ನೆಲ ಯಾರದು? ಕಾಯ್ದೆ ಯಾರದು? ಲಾಭ ಎಲ್ಲಿಗೆ ಹೋಗುತ್ತದೆ?

ಗೋವಾಕ್ಕೆ ಹೋದವರು ಅಲ್ಲಿಯ ಕಾಯ್ದೆ ಪಾಲಿಸಿ, ಬಾಡಿಗೆ ಕೊಟ್ಟು ಇರುತ್ತಾರೆ ಎಂದು ಮಕ್ಕಳೇ ಹೇಳಿದರು. ವರ್ಜೀನಿಯಾಕ್ಕೆ ಹೋದವರು ತಮ್ಮ ರಾಜನ ಸನ್ನದು ಕೈಯಲ್ಲಿ ಹಿಡಿದು, ತಮ್ಮ ಕಾಯ್ದೆಯನ್ನು ಅಲ್ಲಿ ನಡೆಸಿ, ನೆಲ ತಮ್ಮದೆಂದು ಹೇಳಿ, ಲಾಭವನ್ನು ಲಂಡನ್ನಿಗೆ ಕಳಿಸಬೇಕಿತ್ತು. ಮೂರು ಸಾಲು ತುಂಬುವಷ್ಟರಲ್ಲಿ ವಸಾಹತಿನ ವ್ಯಾಖ್ಯೆ ಮಕ್ಕಳ ಮಾತಿನಲ್ಲೇ ಸಿದ್ಧವಾಗಿತ್ತು.

ಎರಡನೆಯ ಹಂತ: ಕಂಪನಿ

ಮುಂದಿನ ಪ್ರಶ್ನೆ, ಕಳಿಸಿದವರು ಯಾರು? ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮಕ್ಕಳಿಗೆ ಚೆನ್ನಾಗಿ ಗೊತ್ತು. ಆದರೆ ಅಮೆರಿಕಕ್ಕೂ ಇಂಥದೇ ಒಂದು ಕಂಪನಿ ಹೋಗಿತ್ತು ಎಂಬುದು ಪ್ರಶಿಕ್ಷಣಾರ್ಥಿಗಳಿಗೂ ಹೊಸತು. ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿದ್ದು 1600ರ ಡಿಸೆಂಬರ್ 31ರಂದು, ಎಲಿಜಬೆತ್ ರಾಣಿಯಿಂದ. ವರ್ಜೀನಿಯಾ ಕಂಪನಿಗೆ ಸಿಕ್ಕಿದ್ದು 1606ರಲ್ಲಿ, ಒಂದನೆಯ ಜೇಮ್ಸ್ ರಾಜನಿಂದ. ಎರಡೂ ಲಂಡನ್ನಿನ ವ್ಯಾಪಾರಿಗಳು ಹಣ ಹೂಡಿ ನಡೆಸಿದವು. ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಸರ್ ಥಾಮಸ್ ಸ್ಮಿಥ್. ಅವನೇ 1609ರಿಂದ 1619ರವರೆಗೆ ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿ ಅದರ ಆಡಳಿತ ನಡೆಸಿದ. ಈ ಒಂದು ಸಂಗತಿ ಹೇಳಿದರೆ ಸಾಕು, ದೂರದ ಪಾಠ ಹತ್ತಿರ ಬರುತ್ತದೆ.

1607ರ ಮೇ ತಿಂಗಳಲ್ಲಿ ಮೂರು ಹಡಗುಗಳಲ್ಲಿ ಬಂದ 104 ಗಂಡಸರು ಮತ್ತು ಹುಡುಗರು ನದಿಯ ದಂಡೆಯಲ್ಲಿ ಒಂದು ಕೋಟೆ ಕಟ್ಟಿ ಅದಕ್ಕೆ ಜೇಮ್ಸ್‌ಟೌನ್ ಎಂದು ರಾಜನ ಹೆಸರಿಟ್ಟರು. ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಬಂಗಾರ ಸಿಗುತ್ತದೆ ಎಂಬ ಆಸೆಯಿತ್ತು, ಸಿಗಲಿಲ್ಲ. 'ಊರು ಕಟ್ಟಲು ಹೋಗುವವರು ಹೆಂಗಸರನ್ನ, ಮಕ್ಕಳನ್ನ ಬಿಟ್ಟು ಹೋಗ್ತಾರೇನು?' ಎಂದು ಕೇಳಿದಾಗ ಮಕ್ಕಳು ತಾವೇ "ಅವರು ವ್ಯಾಪಾರಕ್ಕ ಬಂದಿದ್ರು" ಎಂದರು.

ಇದರ ಪಕ್ಕದಲ್ಲಿ ನಮ್ಮ ಕಡೆಯ ಸಾಲು ಬರೆದೆವು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದರು, ಅದಕ್ಕೆ ಬೇಕಾದ ಬಟ್ಟೆ ಕೊಳ್ಳಲು ಹುಬ್ಬಳ್ಳಿಯ ಪೇಟೆಗೆ ಬಂದರು. 1673ರಲ್ಲಿ ಮರಾಠರ ಸೈನ್ಯ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಇಂಗ್ಲಿಷರ ಕೋಠಿಗೂ ನಷ್ಟವಾಗಿ, ಪರಿಹಾರಕ್ಕಾಗಿ ಅವರು ಮರಾಠರ ಬೆನ್ನು ಹತ್ತಿದರು. 1817-18ರಲ್ಲಿ ಧಾರವಾಡ ಪ್ರದೇಶ ಕಂಪನಿಯ ಕೈಸೇರಿತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಒಪ್ಪದೆ ಹೋದಾಗ ಯುದ್ಧವಾಯಿತು, ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕೋಟೆ ಬಿತ್ತು. ಈ ಭಾಗ ಮಕ್ಕಳಿಗೆ ಬಾಯಿಪಾಠ.

ಹೋಲಿಕೆಯ ಜೊತೆಗೆ ವ್ಯತ್ಯಾಸವನ್ನೂ ಕೇಳಬೇಕು. ಇಲ್ಲಿ ಕಂಪನಿ ವ್ಯಾಪಾರದಿಂದ ಆಳ್ವಿಕೆಗೆ ಬಂತು, ಆದರೆ ಇಂಗ್ಲಿಷ್ ರೈತರನ್ನು ಹಡಗಿನಲ್ಲಿ ತಂದು ನಮ್ಮ ಎರಿಹೊಲಗಳಲ್ಲಿ ನೆಲೆಗೊಳಿಸಲಿಲ್ಲ. ಅಲ್ಲಿ ಸಾವಿರಾರು ಜನ ಬಂದು ನೆಲೆ ನಿಂತರು. ಹೀಗಾಗಿ ಎರಡೂ ವಸಾಹತೇ ಆದರೂ ಬಗೆ ಬೇರೆ. ಕೊನೆಯಲ್ಲಿ ಮತ್ತೊಂದು ಹೋಲಿಕೆ: 1624ರಲ್ಲಿ ವರ್ಜೀನಿಯಾ ಕಂಪನಿಯ ಸನ್ನದು ರದ್ದಾಗಿ ವಸಾಹತು ನೇರವಾಗಿ ರಾಜನ ಕೈಗೆ ಹೋಯಿತು, 1858ರಲ್ಲಿ ಭಾರತ ಕಂಪನಿಯಿಂದ ರಾಣಿಯ ಕೈಗೆ ಹೋಯಿತು.

ಮೂರನೆಯ ಹಂತ: ಗೋವಿನಜೋಳ ಮತ್ತು 50 ಎಕರೆ

ಎರಡನೆಯ ಅವಧಿಗೆ ಬೋಧನೋಪಕರಣವಾಗಿ ಪ್ರಶಿಕ್ಷಣಾರ್ಥಿ ತಂದದ್ದು ಒಂದು ಗೋವಿನಜೋಳದ ತೆನೆ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಶೇಂಗಾ. "ಇವು ಯಾವ ದೇಶದವು?" ಎಂದು ಕೇಳಿದರು. "ನಮ್ಮವು" ಎಂದು ಎಲ್ಲರೂ ಕೂಗಿದರು. ಮೂರೂ ಅಮೆರಿಕ ಖಂಡಗಳಲ್ಲಿ ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷ ಬೆಳೆದು ಹದಗೊಳಿಸಿದ ಬೆಳೆಗಳು, ಐರೋಪ್ಯರ ಹಡಗುಗಳು ಅಲ್ಲಿಗೆ ಹೋದ ನಂತರ ನಮಗೆ ಬಂದವು ಎಂದಾಗ ತರಗತಿ ಸುಮ್ಮನಾಯಿತು. 'ಖಾಲಿ ಕಾಡು' ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಖಾಲಿ ಕಾಡಿನಲ್ಲಿ ಗೋವಿನಜೋಳ ತಾನಾಗಿ ಬೆಳೆಯುವುದಿಲ್ಲ ಎಂಬುದು ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ.

ಆ ಪ್ರದೇಶಕ್ಕೆ ಅಲ್ಲಿಯ ಜನ ತ್ಸೆನಕಮಾಕಾ ಎನ್ನುತ್ತಿದ್ದರು. ಸುಮಾರು 30 ಪಂಗಡಗಳು ಪೌಹಾಟನ್ ಎಂಬ ನಾಯಕನ ಅಧೀನದಲ್ಲಿದ್ದವು. ಅವರ ಹೊಲಗಳಲ್ಲಿ ಗೋವಿನಜೋಳ, ಅವರೆ ಜಾತಿಯ ಕಾಳು, ಕುಂಬಳ ಬೆಳೆಯುತ್ತಿದ್ದವು. ಹೊಲದ ಕೆಲಸ ಹೆಚ್ಚಾಗಿ ಹೆಂಗಸರದು. ಬಂದ ಇಂಗ್ಲಿಷರಿಗೆ ಬೆಳೆದು ತಿನ್ನಲು ಬರಲಿಲ್ಲ. ಅವರು ಈ ಜನರಿಂದ ಜೋಳವನ್ನು ಕೆಲವೊಮ್ಮೆ ವಿನಿಮಯಕ್ಕೆ ಪಡೆದರು, ಕೆಲವೊಮ್ಮೆ ಬಂದೂಕು ತೋರಿಸಿ ಒಯ್ದರು. 1609-10ರ ಚಳಿಗಾಲದಲ್ಲಿ ಸಂಬಂಧ ಕೆಟ್ಟು ಕೋಟೆಗೆ ಕಾಳು ಬರುವುದು ನಿಂತಾಗ, ಒಳಗಿದ್ದ ಸುಮಾರು 300 ಜನರಲ್ಲಿ ವಸಂತಕ್ಕೆ ಉಳಿದವರು 60 ಮಾತ್ರ. ಇದನ್ನು ಹೇಳುವಾಗ ಪ್ರಶಿಕ್ಷಣಾರ್ಥಿ ಸ್ವಲ್ಪ ಹೊತ್ತು ನಿಂತರು. ಹಸಿದು ಸತ್ತವರೂ ಮನುಷ್ಯರು, ಅವರಲ್ಲಿ ಎಷ್ಟೋ ಜನ ಇಂಗ್ಲೆಂಡಿನ ಬಡವರು. ವಸಾಹತಿನ ಅನ್ಯಾಯ ಹೇಳುವುದೆಂದರೆ ಬಂದವರನ್ನೆಲ್ಲ ರಾಕ್ಷಸರಾಗಿ ಚಿತ್ರಿಸುವುದು ಎಂದು ಮಕ್ಕಳು ತಿಳಿಯಬಾರದು.

ವಸಾಹತನ್ನು ಉಳಿಸಿದ್ದು ತಂಬಾಕು. 1612ರ ಸುಮಾರಿಗೆ ಜಾನ್ ರಾಲ್ಫ್ ಕೆರೀಬಿಯನ್ ಕಡೆಯ ಬೀಜ ತಂದು ಬೆಳೆದ ತಂಬಾಕಿಗೆ ಲಂಡನ್ನಿನಲ್ಲಿ ಬೆಲೆ ಸಿಕ್ಕಿತು. ತಂಬಾಕು ನೆಲವನ್ನು ಬೇಗ ಸಾರ ಇಳಿಸುತ್ತದೆ, ಹೊಸ ಹೊಸ ನೆಲ ಬೇಕಾಗುತ್ತದೆ, ಆಳು ಹೆಚ್ಚು ಬೇಕಾಗುತ್ತದೆ. ಮುಂದಿನ ಎರಡೂ ಪ್ರಶ್ನೆಗಳಿಗೆ, ಅಂದರೆ ನೆಲಕ್ಕೂ ದುಡಿಮೆಗೂ, ಉತ್ತರ ಈ ಬೆಳೆಯಲ್ಲೇ ಇದೆ.

ಇಲ್ಲಿ ಒಂದು ಚಟುವಟಿಕೆ. 1618ರಲ್ಲಿ ಕಂಪನಿ ಒಂದು ನಿಯಮ ಮಾಡಿತು: ಯಾರು ತಮ್ಮ ಅಥವಾ ಇನ್ನೊಬ್ಬರ ಹಡಗಿನ ಖರ್ಚು ಕೊಟ್ಟು ಕರೆತರುತ್ತಾರೋ ಅವರಿಗೆ ತಲೆಗೆ 50 ಎಕರೆ. ಮಕ್ಕಳು ಗುಂಪಿನಲ್ಲಿ ಲೆಕ್ಕ ಹಾಕಿದರು. ಹತ್ತು ಆಳುಗಳನ್ನು ಕರೆತಂದರೆ 500 ಎಕರೆ. "ನಮ್ಮದು ಎರಡು ಎಕರೆ ಹತ್ತು ಗುಂಟೆ ಐತ್ರಿ" ಎಂದ ಒಬ್ಬ. ಲೆಕ್ಕ ಮುಗಿದ ಮೇಲೆ ಒಂದೇ ಪ್ರಶ್ನೆ ಹಲಗೆಯ ಮೇಲೆ ಬರೆದೆವು: ಈ 50 ಎಕರೆಯ ಉತಾರದಲ್ಲಿ ಹಿಂದಿನ ಮಾಲಕರ ಹೆಸರು ಏನಿರಬೇಕಿತ್ತು? ಹೊಲದ ಉತಾರ ಮನೆಯಲ್ಲಿ ನೋಡಿದ ಮಕ್ಕಳಿಗೆ ಪ್ರಶ್ನೆಯ ತೂಕ ಕೂಡಲೇ ತಿಳಿಯಿತು.

ಅಲ್ಲಿಂದ 1622ಕ್ಕೆ. ಆ ವರ್ಷದ ಮಾರ್ಚ್‌ನಲ್ಲಿ ಪೌಹಾಟನ್ ಜನರು ವಸಾಹತಿನ ಮೇಲೆ ಎರಗಿದರು, 347 ಇಂಗ್ಲಿಷರು ಸತ್ತರು. ಲಂಡನ್ನಿನ ಬರವಣಿಗೆ ಅದನ್ನು ಅನಾಗರಿಕರ ಹತ್ಯಾಕಾಂಡ ಎಂದು ಕರೆಯಿತು. ಕಿತ್ತೂರಿನದನ್ನು ಬ್ರಿಟಿಷರ ಕಾಗದಪತ್ರಗಳು ದಂಗೆ ಎಂದವು, ನಾವು ಸ್ವಾತಂತ್ರ್ಯದ ಹೋರಾಟ ಎನ್ನುತ್ತೇವೆ. ಘಟನೆಗೆ ಹೆಸರಿಡುವವರು ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಾರದು.

ನಾಲ್ಕನೆಯ ಹಂತ: 1619

ಮೂರನೆಯ ಅವಧಿಯಲ್ಲಿ ನಾವು ಹೆಚ್ಚು ಎಚ್ಚರದಿಂದ ಶಬ್ದಗಳನ್ನು ಆಯ್ದುಕೊಂಡೆವು. "ಗುಲಾಮರು ಬಂದರು" ಎಂಬ ವಾಕ್ಯವನ್ನು ಪಾಠಯೋಜನೆಯಿಂದ ತೆಗೆದು "ಜನರನ್ನು ಹಿಡಿದು ತಂದು ಗುಲಾಮಗಿರಿಗೆ ತಳ್ಳಿದರು" ಎಂದು ಬರೆದೆವು. ವಾಕ್ಯದಲ್ಲಿ ಕರ್ತೃ ಯಾರು ಎಂಬುದು ವ್ಯಾಕರಣದ ವಿಷಯ ಮಾತ್ರವಲ್ಲ ಎಂದು ಪ್ರಶಿಕ್ಷಣಾರ್ಥಿಯೇ ಹೇಳಿದರು.

1619ರ ಆಗಸ್ಟ್ ಕೊನೆಯಲ್ಲಿ ಒಂದು ಇಂಗ್ಲಿಷ್ ಹಡಗು ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಆಫ್ರಿಕನ್ನರನ್ನು ವರ್ಜೀನಿಯಾಕ್ಕೆ ತಂದು ಆಹಾರ ಸಾಮಗ್ರಿಗೆ ಬದಲಾಗಿ ಕೊಟ್ಟಿತು. ಅಂಗೋಲಾದಿಂದ ಮೆಕ್ಸಿಕೊಕ್ಕೆ ಹೊರಟಿದ್ದ ಪೋರ್ತುಗೀಜರ ಹಡಗನ್ನು ದೋಚಿ ಅವರನ್ನು ಹಿಡಿದದ್ದು. ಹೆಚ್ಚಿನವರು ಎನ್‌ಡೊಂಗೊ ರಾಜ್ಯದವರು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಅವರಿಗೆ ಊರಿತ್ತು, ಹೊಲವಿತ್ತು, ದನಗಳಿದ್ದವು, ರಾಜನಿದ್ದ. ಪಾಠ ಇಲ್ಲಿಂದ, ಅವರ ಊರಿನಿಂದ, ಆರಂಭವಾಗಬೇಕು. ಮುಂದೆ 1662ರಲ್ಲಿ ವರ್ಜೀನಿಯಾದ ಶಾಸನಸಭೆ, ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ ಎಂದು ಕಾಯ್ದೆ ಮಾಡಿತು. ಗುಲಾಮಗಿರಿ ಹುಟ್ಟಿನಿಂದ ಬರುವಂತಾದದ್ದು ಕಾಯ್ದೆಯಿಂದ, ರಕ್ತದಿಂದ ಅಲ್ಲ.

ನಮ್ಮ ಕಡೆಗೂ ಪೋರ್ತುಗೀಜರು, ಅವರಿಗಿಂತ ಮೊದಲು ಅರಬ್ ವ್ಯಾಪಾರಿಗಳು, ಆಫ್ರಿಕನ್ನರನ್ನು ಕರೆತಂದರು. ಗೋವಾದಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿ ಸ್ವತಂತ್ರವಾಗಿ ಬದುಕಿದವರ ವಂಶದವರು ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿ ಭಾಗದಲ್ಲಿದ್ದಾರೆ. ಇದೇ ದಖ್ಖನದಲ್ಲಿ, ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾಗಿದ್ದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯವನ್ನು ನಡೆಸಿ ಮೊಗಲರನ್ನು ತಡೆದ. ವಿಜಯಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಆಫ್ರಿಕ ಮೂಲದ ಸರದಾರ ಪ್ರಧಾನಿಯಾಗಿದ್ದ. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟನ್ನೂ ಹೇಳಿದರೂ ತರಗತಿಯ ಯಾವ ಮಗುವಿನತ್ತಲೂ ನೋಟ ಹರಿಸಲಿಲ್ಲ, ಹೆಸರು ತೆಗೆಯಲಿಲ್ಲ. ಯಾರಾದರೂ ತಾವಾಗಿ ಮಾತಾಡಿದರೆ ಕೇಳುವುದು, ಇಲ್ಲದಿದ್ದರೆ ಇಲ್ಲ ಎಂದು ಮೊದಲೇ ನಿರ್ಧರಿಸಿದ್ದೆವು.

ಮೌಲ್ಯಮಾಪನ

ಜೇಮ್ಸ್‌ಟೌನ್ ಸ್ಥಾಪನೆಯಾದ ವರ್ಷ ಯಾವುದು ಎಂಬ ಪ್ರಶ್ನೆ ಇರಲಿ, ಪರೀಕ್ಷೆಗೆ ಬೇಕು. ಅದರ ಜೊತೆ ಇನ್ನೊಂದು ಕೊಟ್ಟೆವು: ವಸಾಹತಿನ ಮೊದಲ ವರ್ಷಗಳ ಬಗ್ಗೆ, ಕಂಪನಿಯ ಪಾಲುದಾರ ಮತ್ತು ಪೌಹಾಟನ್ ಹೆಂಗಸು ಇಬ್ಬರೂ ಎರಡೆರಡು ವಾಕ್ಯ ಬರೆದರೆ ಏನು ಬರೆಯುತ್ತಾರೆ? ಒಬ್ಬ ಹುಡುಗ ಬರೆದಿದ್ದ: "ಪಾಲುದಾರ: ಇನ್ನೂ ಲಾಭ ಬಂದಿಲ್ಲ. ಮತ್ತಷ್ಟು ಜನರನ್ನು ಕಳಿಸಿ. ಹೆಂಗಸು: ಹಸಿದಾಗ ಜೋಳ ಕೊಟ್ಟೆವು. ಈಗ ಹೊಲವನ್ನೇ ಕೇಳುತ್ತಾರೆ." ಎಲ್ಲ ಉತ್ತರಗಳೂ ಹೀಗಿರಲಿಲ್ಲ. ಕೆಲವರು ಪಾಲುದಾರನನ್ನೇ ರಾಜ ಎಂದು ತಿಳಿದಿದ್ದರು. ಕಂಪನಿ ಮತ್ತು ರಾಜನ ವ್ಯತ್ಯಾಸಕ್ಕೆ ಇನ್ನೂ ಹತ್ತು ನಿಮಿಷ ಕೊಡಬೇಕಿತ್ತು.

"ಇಷ್ಟು ಅವಧಿ ಕೊಟ್ಟರೆ ಪಾಠ ಮುಗಿಯುವುದು ಯಾವಾಗ?" ಎಂದು ಇತರ ಪ್ರಶಿಕ್ಷಣಾರ್ಥಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಅನುಭವದಲ್ಲಿ ಮುಂದಿನ ಭಾಗ ಬೇಗ ಸಾಗಿತು. ಸನ್ನದು, ಕಂಪನಿ, 1619ರಲ್ಲೇ ವರ್ಜೀನಿಯಾದಲ್ಲಿ ಸೇರಿದ ಮೊದಲ ಪ್ರತಿನಿಧಿ ಸಭೆ, ಇವು ಗೊತ್ತಿದ್ದ ಮಕ್ಕಳಿಗೆ 'ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ' ಎಂಬುದನ್ನು ವಿವರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರು ಅವಧಿ ಸಿಗದವರು ಮೊದಲ ಹಂತದ ಮೂರು ಸಾಲು ಮತ್ತು 50 ಎಕರೆಯ ಲೆಕ್ಕ ಇವೆರಡನ್ನಾದರೂ ಮಾಡಲಿ. ಒಂದೇ ಅವಧಿಯಲ್ಲಿ ಆಗುತ್ತದೆ.

ವೀಕ್ಷಕರಿಗೆ ಒಂದು ಮಾತು

ನಮ್ಮ ವೀಕ್ಷಣಾ ನಮೂನೆಯಲ್ಲಿ 'ಸ್ಥಳೀಯ ಪರಿಸರದೊಂದಿಗೆ ಜೋಡಣೆ' ಎಂಬ ಕಲಂ ಇದೆ, ಅದಕ್ಕೆ ಅಂಕವಿದೆ. ಅಂಕವಿದೆ ಎಂದೇ ಪ್ರಶಿಕ್ಷಣಾರ್ಥಿಗಳು ಉದಾಹರಣೆ ಹುಡುಕುತ್ತಾರೆ. ಊರು, ಬೆಳೆ, ಪೇಟೆ, ಕೋಟೆ, ಉತಾರ, ಇವುಗಳಿಂದ ಎಷ್ಟು ಬೇಕಾದರೂ ಜೋಡಿಸಲಿ. ತರಗತಿಯಲ್ಲಿ ಕುಳಿತ ಮಗುವಿನ ಜಾತಿ, ಮೈಬಣ್ಣ, ಮನೆತನ ಬೋಧನೋಪಕರಣವಲ್ಲ. ಇದನ್ನು ನಾವು ಪಾಠಕ್ಕೆ ಮೊದಲೇ, ಪಾಠಯೋಜನೆಗೆ ಸಹಿ ಹಾಕುವಾಗ ಹೇಳಬೇಕು. ನಾನು ಹೇಳಿರಲಿಲ್ಲ. ಅಲ್ಲದೆ ಪಾಠ ನಡೆಯುವಾಗ ವೀಕ್ಷಕರ ಕಣ್ಣು ಪ್ರಶಿಕ್ಷಣಾರ್ಥಿಯ ಮೇಲೆ ಇರುವಷ್ಟೇ ಮಕ್ಕಳ ಮುಖದ ಮೇಲೂ ಇರಬೇಕು. ಆ ದಿನ ನಾನು ಎರಡನೆಯ ಬೆಂಚನ್ನು ನೋಡಿರಲಿಲ್ಲ, ಪುಸ್ತಕವನ್ನು ನೋಡುತ್ತಿದ್ದೆ.

ಪ್ರಶಿಕ್ಷಣಾರ್ಥಿಯ ವೀಕ್ಷಣಾ ಪುಸ್ತಕದಲ್ಲಿ ನನ್ನ ಹಳೆಯ ಟಿಪ್ಪಣಿಯ ಮೇಲೆ ಒಂದು ಗೆರೆ ಎಳೆದು, ಕೆಳಗೆ ದಿನಾಂಕ ಹಾಕಿ, "ಜೋಡಣೆ ಸರಿಯಾಗಿರಲಿಲ್ಲ, ಮೆಚ್ಚಿದ್ದು ವೀಕ್ಷಕರ ತಪ್ಪು" ಎಂದು ಬರೆದು ಸಹಿ ಮಾಡಿದೆ. ಅಂಕ ಕಡಿಮೆ ಮಾಡಲಿಲ್ಲ, ಏಕೆಂದರೆ ಆ ಅಂಕದ ಆಸೆ ಹುಟ್ಟಿಸಿದವರು ನಾವೇ. 'ಅ' ವಿಭಾಗದಲ್ಲಿ ಮೂರನೆಯ ಅವಧಿ ಮುಗಿದಾಗ ಆ ಹುಡುಗಿ ಕೊನೆಯ ಬೆಂಚಿನಲ್ಲೇ ಇದ್ದಳು, ಏನೂ ಮಾತಾಡಲಿಲ್ಲ. ಬೋಧನಾಭ್ಯಾಸದ ಕೊನೆಯ ವಾರದಲ್ಲಿ ಅವಳು ಎರಡನೆಯ ಬೆಂಚಿಗೆ, ತನ್ನ ಗೆಳತಿಯ ಪಕ್ಕಕ್ಕೆ ಬಂದು ಕುಳಿತಿದ್ದನ್ನು ನೋಡಿದೆ. ಅದು ನಮ್ಮ ಪಾಠದಿಂದ ಆಯಿತೋ, ಗೆಳತಿ ಕರೆದಳೋ, ನಾನು ಕೇಳಲಿಲ್ಲ.